ಹರಾಜಿನಲ್ಲಿ ಗಾಡಿ ಕೊಳ್ಳುವ ಮುನ್ನ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಸಿದ್ದಾಪುರದ ಹತ್ತಿರ ಸಣ್ಣ ಕಾಫಿ ತೋಟ. ತೋಟಕ್ಕೆ ಬೇಕಾದ ಗಾಡಿಗಳನ್ನು ನಾನು ಹೆಚ್ಚಾಗಿ ಹರಾಜಿನಲ್ಲೇ ಕೊಂಡಿದ್ದೇನೆ. ಒಂದು ಜೀಪ್, ಎರಡು ಪಿಕಪ್, ಒಂದು ಟ್ರ್ಯಾಕ್ಟರ್. ಅದನ್ನು ನೋಡಿ ನೆಂಟರು, ಅಕ್ಕಪಕ್ಕದ ತೋಟದವರು, ಅವರ ಮಕ್ಕಳು ಎಲ್ಲರೂ ಕೇಳಲು ಶುರು ಮಾಡಿದರು. ಹರಾಜಿನಲ್ಲಿ ಎಂಥ ಗಾಡಿ ಸಿಗುತ್ತದೆ, ಯಾವುದನ್ನು ತಗೋಬಹುದು, ಯಾವುದು ಬೇಡ. ಅದೇ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಮಾಡೆಲ್ ಯಾವುದು, ಎಷ್ಟು ಓಡಿದೆ ಅಂತ. ನಾನು ಮೊದಲು ಕೇಳುವುದು ಮಾರುತ್ತಿರುವವರು ಯಾರು ಅಂತ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಬೊಲೆರೊ ಪಕ್ಕಪಕ್ಕ ನಿಂತಿರಬಹುದು. ಒಂದು ಬ್ಯಾಂಕಿನದು, ಇನ್ನೊಂದು ಇನ್ಶೂರೆನ್ಸ್ ಕಂಪನಿಯದು. ಮೊದಲನೆಯದು ತಿಂಗಳೊಳಗೆ ನಿಮ್ಮ ಹೆಸರಿಗೆ ಬರಬಹುದು. ಎರಡನೆಯದು ಎಂದೂ ರಸ್ತೆಗೆ ಇಳಿಯದೇ ಇರಬಹುದು.

ಹರಾಜಿಗೆ ಯಾವ ಯಾವ ಗಾಡಿಗಳು ಬರುತ್ತವೆ?

ಸ್ಕೂಟರಿನಿಂದ ಜೆಸಿಬಿ ತನಕ ಎಲ್ಲವೂ ಬರುತ್ತವೆ. ಬೈಕ್, ಆಟೊ, ಕಾರು, ಜೀಪ್, ಪಿಕಪ್, ಟಿಪ್ಪರ್, ಲಾರಿ, ಬಸ್ಸು, ಟ್ರ್ಯಾಕ್ಟರ್, ಟ್ರೇಲರ್. ಆದರೆ ನಾನು ಅವನ್ನು ಬೇರೆ ಥರ ವಿಂಗಡಿಸುತ್ತೇನೆ. ಸಾಲ ಕಟ್ಟದ್ದಕ್ಕೆ ಬ್ಯಾಂಕ್ ಅಥವಾ ಫೈನಾನ್ಸ್‌ನವರು ಸೀಜ್ ಮಾಡಿದ ಗಾಡಿ. ಸರ್ಕಾರಿ ಇಲಾಖೆಗಳು ಬಳಸಿ ಬಿಟ್ಟ ಗಾಡಿ. ಪೊಲೀಸ್, ಅಬಕಾರಿ, ಅರಣ್ಯ ಇಲಾಖೆ ಜಪ್ತಿ ಮಾಡಿದ ಗಾಡಿ. ಅಪಘಾತ ಅಥವಾ ನೆರೆಯಲ್ಲಿ ಹಾಳಾಗಿ ಇನ್ಶೂರೆನ್ಸ್ ಕಂಪನಿ ಪಾಲಾದ ಗಾಡಿ. ಕಂಪನಿಗಳು, ಟ್ಯಾಕ್ಸಿ ಮಾಲೀಕರು, ಡೀಲರುಗಳು ಒಟ್ಟಿಗೆ ತಂದು ಮಾರುವ ಹಳೇ ಗಾಡಿ. ಪ್ರತಿಯೊಂದಕ್ಕೂ ಕಾಗದ ಬೇರೆ, ಅಪಾಯ ಬೇರೆ.

ಕೊಡಗಿನವರು ನೋಡುವ ಯಾರ್ಡ್‌ಗಳು, ಅಂದರೆ ಹರಾಜಿನ ಗಾಡಿ ನಿಲ್ಲಿಸುವ ಜಾಗಗಳು, ಹೆಚ್ಚಾಗಿ ಮೈಸೂರು, ಬೆಂಗಳೂರು, ಮಂಗಳೂರು ಕಡೆ ಇವೆ. ಸವಾಲು ಕೂಗುವುದು ಈಗ ಬಹುಪಾಲು ಆನ್‌ಲೈನಿನಲ್ಲೇ. ಸರ್ಕಾರಿ ಗಾಡಿಗಳಿಗೆ ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಕಂಪನಿಯ ಇ-ಹರಾಜು ಇದೆ. ಠಾಣೆ, ಕೋರ್ಟಿನ ಹರಾಜು ಮಾತ್ರ ಈಗಲೂ ಗಾಡಿ ನಿಂತ ಜಾಗದಲ್ಲೇ ಬಾಯಿ ಸವಾಲಿನಲ್ಲಿ ನಡೆಯುವುದುಂಟು. ಅದರ ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಇರುತ್ತದೆ. ಕಣ್ಣಿಟ್ಟು ಓದಬೇಕು.

ಬ್ಯಾಂಕ್ ಸೀಜ್ ಮಾಡಿದ ಗಾಡಿ ತಗೊಳ್ಳಬಹುದಾ?

ತಗೊಳ್ಳಬಹುದು. ನಮ್ಮಂಥವರಿಗೆ ಹೆಚ್ಚು ಹೊಂದುವುದು ಇದೇ. ಗಾಡಿಗೆ ವಯಸ್ಸು ಕಡಿಮೆ, ಸಾಮಾನ್ಯವಾಗಿ ಓಡುವ ಸ್ಥಿತಿಯಲ್ಲಿರುತ್ತದೆ. ಆದರೆ ಕಂತು ಕಟ್ಟಲು ಆಗದವರು ಸರ್ವಿಸ್ ಮಾಡಿಸಿರುತ್ತಾರಾ? ಕಡೇ ಒಂದು ವರ್ಷ ಎಣ್ಣೆ ಬದಲಾಯಿಸದೇ ಓಡಿಸಿರುವ ಸಾಧ್ಯತೆ ಜಾಸ್ತಿ. ಅದನ್ನು ಬೆಲೆಯಲ್ಲಿ ಲೆಕ್ಕ ಹಾಕಿಕೊಳ್ಳಿ.

ಕಾಗದದ ಕಡೆ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಸೀಜ್ ಆದ ಗಾಡಿಯ ಆರ್‌ಸಿ (ನೋಂದಣಿ ಪತ್ರ) ಇನ್ನೂ ಹಳೇ ಮಾಲೀಕರ ಹೆಸರಿನಲ್ಲೇ ಇರುತ್ತದೆ. ಅವರು ಸಹಿ ಹಾಕಿಕೊಡಲು ಬರುವುದಿಲ್ಲ, ಅಲ್ವಾ? ಅದಕ್ಕಾಗಿಯೇ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಇದೆ. ಅದರ ಪ್ರಕಾರ ಸಾಲ ಕೊಟ್ಟವರು ಫಾರಂ 36ರಲ್ಲಿ ಅರ್ಜಿ ಹಾಕಿ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಆಮೇಲೆ ಫಾರಂ 29 ಮತ್ತು 30ರಲ್ಲಿ ನಿಮಗೆ ವರ್ಗಾಯಿಸಬೇಕು. ಸಾಲದ ನಮೂದು ತೆಗೆಯಲು ಫಾರಂ 35 ಬೇಕು. ಇದರಲ್ಲಿ ಯಾವುದು ಆಗಿದೆ, ಯಾವುದು ಆಗಬೇಕು ಅಂತ ದುಡ್ಡು ಕಟ್ಟುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಕೊಂಡ ಮೊದಲ ಪಿಕಪ್ ಹೀಗೇ ಒಂದು ಫೈನಾನ್ಸ್‌ನವರ ಯಾರ್ಡಿನಿಂದ ಬಂದದ್ದು. "ಕಾಗದ ಒಂದು ತಿಂಗಳಲ್ಲಿ ಬರುತ್ತೆ ಸಾರ್" ಅಂದರು. ಬಂದದ್ದು ಹನ್ನೊಂದು ತಿಂಗಳಿಗೆ. ನಡುವೆ ಒಂದು ಇಡೀ ಕಾಫಿ ಕುಯ್ಲು ಮುಗಿಯಿತು. ಗಾಡಿ ನಮ್ಮ ಶೆಡ್ಡಿನಲ್ಲಿ ನಿಂತಿತ್ತು, ನಾನು ಬಾಡಿಗೆ ಪಿಕಪ್‌ನಲ್ಲಿ ಹಣ್ಣು ಸಾಗಿಸುತ್ತಿದ್ದೆ. ಆ ಬೇಸರ ಇನ್ನೊಬ್ಬರಿಗೆ ಬೇಡ.

ಸರ್ಕಾರಿ ಇಲಾಖೆಯ ಜೀಪ್, ಬೊಲೆರೊ ಅಗ್ಗಕ್ಕೆ ಸಿಗುತ್ತವಂತೆ, ಹೌದಾ?

ಮೊದಲು ಸಿಗುತ್ತಿದ್ದವು. ಎಷ್ಟೋ ತೋಟಗಳ ಜೀಪುಗಳು ಹಾಗೇ ಬಂದವು. ಈಗ ನಿಯಮ ಬದಲಾಗಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಅವು ಹೋಗಬೇಕಾದದ್ದು ನೋಂದಾಯಿತ ಗುಜರಿ ಕೇಂದ್ರಕ್ಕೆ. ಸಾರಿಗೆ ನಿಗಮದ ಬಸ್ಸುಗಳಿಗೂ ಇದೇ ನಿಯಮ. ಹಾಗಾಗಿ ಪಟ್ಟಿಯಲ್ಲಿ ಹಳೇ ಇಲಾಖಾ ಬೊಲೆರೊ ಕಂಡರೆ ಷರತ್ತು ಪೂರ್ತಿ ಓದಿ. ಗುಜರಿಗೆ ಮಾತ್ರ ಅಂತ ಬರೆದಿದ್ದರೆ ಅದನ್ನು ನಿಮ್ಮ ಹೆಸರಿಗೆ ಮಾಡಿಸುವ ದಾರಿಯೇ ಇಲ್ಲ. "ನಾನು ಮಾಡಿಸಿಕೊಡ್ತೀನಿ" ಅನ್ನುವ ಮಧ್ಯವರ್ತಿಗಳ ಮಾತು ಕೇಳಬೇಡಿ.

15 ವರ್ಷ ತುಂಬದ ಸರ್ಕಾರಿ ಗಾಡಿ ಸಾರ್ವಜನಿಕ ಹರಾಜಿನಲ್ಲಿ ಸಿಕ್ಕರೆ ಅದು ಬೇರೆ ಮಾತು. ಅದಕ್ಕೆ ಫಾರಂ 32 ಇದೆ. ಗಾಡಿ ಕೈಗೆ ಬಂದ 30 ದಿನದೊಳಗೆ ಅರ್ಜಿ ಹಾಕಬೇಕು. ಹರಾಜು ನಡೆಸಿದ ಅಧಿಕಾರಿ ಸಹಿ ಹಾಕಿದ ಮಾರಾಟದ ಪತ್ರ ಮತ್ತು ಹರಾಜಿಗೆ ಅನುಮತಿ ಕೊಟ್ಟ ಆದೇಶದ ದೃಢೀಕೃತ ಪ್ರತಿ ಎರಡೂ ಬೇಕು. ಎರಡನೆಯದನ್ನು ಜನ ಮರೆಯುತ್ತಾರೆ, ಆಮೇಲೆ ಕಚೇರಿ ಕಚೇರಿ ಅಲೆಯುತ್ತಾರೆ. ಗಾಡಿ ಎತ್ತುವ ದಿನವೇ ಕೇಳಿ ಪಡೆಯಿರಿ.

ಮಿಲಿಟರಿ ಜೀಪ್, ಜೋಂಗಾ, ಜಿಪ್ಸಿ?

ಈ ಪ್ರಶ್ನೆ ಕೊಡಗಿನಲ್ಲಿ ಬಾರದೇ ಇರುತ್ತದಾ! ಮನೆಗೊಬ್ಬರು ಸೇನೆಯಲ್ಲಿದ್ದ ಊರುಗಳು ನಮ್ಮವು. ಜಬಲ್ಪುರದ ಕಾರ್ಖಾನೆಯಲ್ಲಿ ತಯಾರಾದ ಜೋಂಗಾ ಕಂಡರೆ ಇಲ್ಲಿನ ಹಿರಿಯರ ಕಣ್ಣು ಅರಳುವುದನ್ನು ನಾನೇ ನೋಡಿದ್ದೇನೆ.

ಸೇನೆಯಲ್ಲಿ ಇರುವಷ್ಟು ಕಾಲ ಆ ಗಾಡಿಗಳಿಗೆ ನಮ್ಮ ಆರ್‌ಟಿಒ ನೋಂದಣಿ ಇರುವುದಿಲ್ಲ, ಬಾಣದ ಗುರುತಿನ ನಂಬರ್ ಇರುತ್ತದೆ. ಹೊರಗೆ ಬಂದ ಮೇಲೆ ಹೊಸದಾಗಿ ನೋಂದಣಿ ಆಗಬೇಕು. ಅದಕ್ಕೆ ಸೇನೆಯ ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ಮೂಲ ಫಾರಂ 21 ಬೇಕೇ ಬೇಕು. ಜೆರಾಕ್ಸ್ ನಡೆಯುವುದಿಲ್ಲ. ಎಷ್ಟೋ ವರ್ಷದ ಹಿಂದೆಯೇ ಹರಾಜಾಗಿ, ನೋಂದಣಿಯಾಗಿ, ಮೂರ್ನಾಲ್ಕು ಕೈ ಬದಲಾದ ಗಾಡಿ ಆದರೆ ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಗಾಡಿಯ ಮೇಲಿನದಕ್ಕೆ ಹೋಲಿಸಿ. ತುಕ್ಕು ಕೆರೆದು ನೋಡಿ. ನಂಬರ್ ಕಾಣದಿದ್ದರೆ ವಾಪಸ್ ಬನ್ನಿ.

ಹಳೇ ವಿಲ್ಲಿಸ್ ಅಥವಾ ಮಹೀಂದ್ರಾ ಜೀಪ್ ಮೇಲೆ ಆಸೆ. ತೋಟಕ್ಕೂ ಆಗುತ್ತೆ, ಮನೆ ಮುಂದೆ ಚಂದವೂ ಕಾಣುತ್ತೆ. ಏನು ಹೇಳ್ತೀರಿ?

ಆಸೆ ಸರಿಯೇ. ಮಹೀಂದ್ರಾದವರು 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪ್ ಜೋಡಿಸಲು ಶುರು ಮಾಡಿದ ಮೇಲೆ ಮಲೆನಾಡಿನ ತೋಟಗಳಿಗೆ ಅದೇ ಕೈಕಾಲಾಯಿತು. ಮಳೆಗಾಲದಲ್ಲಿ ಕೆಲಸದವರ ಲೈನ್‌ಮನೆ ತನಕ ಕೆಸರಿನಲ್ಲಿ ಹತ್ತುವ ಗಾಡಿ ಬೇರೆ ಯಾವುದಿತ್ತು?

ಆದರೆ ಕೊಡಗಿನ ಹಳೇ ಜೀಪುಗಳಲ್ಲಿ ಒಂದು ತೊಡಕು ಇದೆ. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿರುತ್ತಾರೆ. ಬಾಡಿ ಉದ್ದ ಮಾಡಿರುತ್ತಾರೆ. ಗೇರ್‌ಬಾಕ್ಸ್ ಇನ್ಯಾವುದೋ ಗಾಡಿಯದು. ಇವೆಲ್ಲ ಆರ್‌ಸಿಯಲ್ಲಿ ನಮೂದಾಗಿವೆಯಾ? ತಯಾರಕರ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿ ಬೇಕು. ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇದ್ದು ಗಾಡಿಯಲ್ಲಿ ಡೀಸೆಲ್ ಇಂಜಿನ್ ಇದ್ದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ನವೀಕರಣಕ್ಕೆ ಹೋದ ದಿನ ಸಿಕ್ಕಿಬೀಳುತ್ತೀರಿ. ಅಪಘಾತವಾದರೆ ಇನ್ಶೂರೆನ್ಸ್‌ನವರು ಇದನ್ನೇ ಹಿಡಿದುಕೊಳ್ಳುತ್ತಾರೆ.

ಖರ್ಚಿನ ಲೆಕ್ಕವೂ ಇರಲಿ. ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 15 ವರ್ಷ ದಾಟಿದ ಕಾರು, ಜೀಪಿನ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದರೆ 2025ರಿಂದ ಇನ್ನೂ ಜಾಸ್ತಿ.

50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಜೀಪ್ ಆದರೆ ಇನ್ನೊಂದು ದಾರಿ ಇದೆ. 2021ರ ನಿಯಮದಂತೆ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅದರಲ್ಲಿ ದಿನಾ ಓಡಾಡುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿಗೆ ಮಾತ್ರ. ಅಂದರೆ ಚಂದಕ್ಕೆ ಒಂದು, ಕೆಲಸಕ್ಕೆ ಒಂದು ಅಂತ ಎರಡು ಜೀಪ್ ಬೇಕಾಗುತ್ತದೆ.

ಹರಾಜಿನ ಜೀಪ್ ತಂದು ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗಬಹುದಾ?

ಬಿಳಿ ಬೋರ್ಡಿನಲ್ಲಿ ಆಗುವುದಿಲ್ಲ. ಬಾಡಿಗೆಗೆ ಓಡಿಸಲು ಹಳದಿ ಬೋರ್ಡ್, ಪರ್ಮಿಟ್, ಎಫ್‌ಸಿ, ಅದಕ್ಕೆ ತಕ್ಕ ಇನ್ಶೂರೆನ್ಸ್ ಎಲ್ಲವೂ ಬೇಕು. ಆ ದಾರಿಯ ಕಡಿದಾದ ತಿರುವುಗಳಲ್ಲಿ ಯಾರದೋ ಮನೆ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತೀರಿ. ಬ್ರೇಕ್ ಮತ್ತು ಕಾಗದ ಎರಡೂ ಸರಿ ಇಲ್ಲದ ಗಾಡಿ ದಯವಿಟ್ಟು ಬೇಡ.

ಪಿಕಪ್ ಕೊಳ್ಳುವಾಗ ಹಳದಿ ಬೋರ್ಡಿನದೇ ಬರುತ್ತದೆ. ತೊಂದರೆ ಇಲ್ಲವಾ?

ತೊಂದರೆ ಇಲ್ಲ, ಆದರೆ ಬಾಕಿ ನೋಡಿ. ಸಾಗಣೆ ವಾಹನಗಳಿಗೆ ಮೊದಲ 8 ವರ್ಷ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಸೀಜ್ ಆಗಿ ಯಾರ್ಡಿನಲ್ಲಿ ನಿಂತ ಗಾಡಿಯ ಎಫ್‌ಸಿ, ತೆರಿಗೆ, ಇನ್ಶೂರೆನ್ಸ್ ಮೂರೂ ಮುಗಿದಿರುತ್ತವೆ. ಆ ಬಾಕಿ ಯಾರು ಕಟ್ಟಬೇಕು ಅಂತ ಷರತ್ತಿನಲ್ಲಿ ಇರುತ್ತದೆ. ಹೆಚ್ಚಿನ ಸಲ ಕೊಂಡವರ ತಲೆಗೇ.

ಇನ್ನು ಗಾಡಿಯ ವಿಷಯ. ಬೊಲೆರೊ ಪಿಕಪ್, ದೋಸ್ತ್, ಟಾಟಾ ಏಸ್ ಮೂರೂ ಹರಾಜಿನಲ್ಲಿ ಧಾರಾಳವಾಗಿ ಸಿಗುತ್ತವೆ. ಏಸ್ ಪೇಟೆ ಒಳಗಿನ ಸಾಮಾನಿಗೆ ಒಳ್ಳೆಯದು. ಕಾಫಿ ಚೀಲ ತುಂಬಿಕೊಂಡು ಒದ್ದೆ ಮಣ್ಣಿನ ಏರು ಹತ್ತಲು ನಾನು ಅದನ್ನು ನಂಬುವುದಿಲ್ಲ. ಹಿಂದಿನ ಪಟ್ಟಾ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು) ಮತ್ತು ಚಾಸಿಸ್ ನೋಡಿ. ಮರಳು, ಕಲ್ಲು ಹೊಡೆದ ಪಿಕಪ್ ಆದರೆ ಪಟ್ಟಾ ಕೂಡುವ ಜಾಗದಲ್ಲಿ ವೆಲ್ಡಿಂಗ್ ಗುರುತು ಇರುತ್ತದೆ. ಹೊಸ ಪೇಂಟ್ ಆ ಜಾಗದಲ್ಲಿ ಮಾತ್ರ ಹೊಳೆಯುತ್ತಿದ್ದರೆ ಅನುಮಾನ ಪಡಿ. ಮತ್ತೆ, ಪಿಕಪ್ಪಿನ ಹಿಂಭಾಗ ಕೆಲಸದವರನ್ನು ತುಂಬಿಕೊಂಡು ಹೋಗಲು ಅಲ್ಲ. ಅವರಿಗೆ ಸೀಟಿರುವ ಗಾಡಿ ಬೇರೆಯೇ ನೋಡಿ.

ಜಪ್ತಿ ಮಾಡಿದ ಗಾಡಿಗಳು ಠಾಣೆ ಮುಂದೆ ಬಳ್ಳಿ ಹಬ್ಬಿ ನಿಂತಿರುತ್ತವೆ. ಅವು ಯಾಕೆ ಬೇಗ ಹರಾಜಾಗುವುದಿಲ್ಲ?

ಕೇಸು ಮುಗಿಯಬೇಕು ಅಥವಾ ಕೋರ್ಟಿನ ಆದೇಶ ಬೇಕು. ವಶಪಡಿಸಿಕೊಂಡ ಗಾಡಿಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಇಡಬೇಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆದರೂ ನಮ್ಮ ಮಳೆಯಲ್ಲಿ ಎರಡು ವರ್ಷ ಬಯಲಲ್ಲಿ ನಿಂತರೆ ಸಾಕು, ನೆಲದ ತಗಡು ಹೋಗಿಬಿಡುತ್ತದೆ. ಅದನ್ನು ನೋಡಿದರೆ ಸಂಕಟವಾಗುತ್ತದೆ.

ಮರ ಸಾಗಿಸಿ ಸಿಕ್ಕಿಬಿದ್ದ ಗಾಡಿಗಳನ್ನು ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ, ಮದ್ಯ ಸಾಗಿಸಿದವನ್ನು ಅಬಕಾರಿ ಕಾಯ್ದೆಯಲ್ಲಿ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಆ ಆದೇಶದ ಮೇಲೆ ಅಪೀಲು ಬಾಕಿ ಇದೆಯಾ ಅಂತ ಕೇಳಿ. ಇದ್ದರೆ ಸವಾಲು ಕೂಗಬೇಡಿ.

ಇನ್ಶೂರೆನ್ಸ್‌ನವರ ಹರಾಜು? ನೆರೆಯಲ್ಲಿ ಮುಳುಗಿದ ಕಾರು ಅರ್ಧ ಬೆಲೆಗೆ ಸಿಗುತ್ತಲ್ಲ?

2018ರ ಆಗಸ್ಟ್ ನೆನಪಿದೆಯಲ್ಲ. ಗುಡ್ಡ ಕುಸಿದು ಕಾರು, ಬೈಕು ಮಣ್ಣಿನಡಿ ಹೋದವು. ಮರುವರ್ಷ ಮತ್ತೆ ನೆರೆ. ಕಾವೇರಿ ಉಕ್ಕಿದಾಗ ಕುಶಾಲನಗರದ ತಗ್ಗು ಬಡಾವಣೆಗಳಲ್ಲಿ ಮನೆಯ ಜೊತೆ ವಾಹನವೂ ಮುಳುಗುತ್ತದೆ. ರಿಪೇರಿ ಖರ್ಚು ಗಾಡಿಯ ವಿಮಾ ಮೌಲ್ಯದ 75 ಶೇಕಡಾ ದಾಟಿದರೆ ಅದನ್ನು ಪೂರ್ತಿ ನಷ್ಟ ಅಂತ ಲೆಕ್ಕ ಹಾಕುತ್ತಾರೆ. ಆ ಗಾಡಿಯೇ ಹರಾಜಿಗೆ ಬರುವುದು. ಆನೆ ತುಳಿದ ಕಾರೂ ಬರುತ್ತದೆ.

ಅಪಘಾತದ ಗಾಡಿಯಲ್ಲಿ ಪೆಟ್ಟು ಕಣ್ಣಿಗೆ ಕಾಣುತ್ತದೆ. ನೀರಿನ ಗಾಡಿಯಲ್ಲಿ ಕಾಣುವುದಿಲ್ಲ. ತೊಳೆದು, ಸೀಟ್ ಕವರ್ ಬದಲಾಯಿಸಿ ನಿಲ್ಲಿಸಿದರೆ ಹೊಸದರಂತೆ ಇರುತ್ತದೆ. ಆರು ತಿಂಗಳ ಮೇಲೆ ವೈರಿಂಗ್ ಒಳಗೆ ತುಕ್ಕು ಹಿಡಿದು ಒಂದೊಂದೇ ಸೆನ್ಸರ್ ಕೈಕೊಡುತ್ತದೆ. ಸೀಟ್ ಬೆಲ್ಟನ್ನು ಕಡೆಯ ತನಕ ಎಳೆದು ನೋಡಿ, ತುದಿಯಲ್ಲಿ ಕೆಸರಿನ ಗೆರೆ ಇರುತ್ತದೆ. ಮ್ಯಾಟ್ ಎತ್ತಿ ಮೂಸಿ. ಸ್ಟೆಪ್ನಿ ಗುಂಡಿಯಲ್ಲಿ ಕೈ ಆಡಿಸಿ.

ಮೊದಲು ಕೇಳಬೇಕಾದದ್ದು ಆರ್‌ಸಿ ಇದೆಯಾ, ರದ್ದಾಗಿದೆಯಾ ಅಂತ. ರದ್ದಾಗಿದ್ದರೆ ಅದು ಬಿಡಿಭಾಗದ ರಾಶಿ ಅಷ್ಟೇ. ಗ್ಯಾರೇಜ್ ನಡೆಸುವವರಿಗೆ ಅದರಲ್ಲಿ ಲಾಭ ಇದೆ. ಮನೆ ಬಳಕೆಗೆ ಕಾರು ಹುಡುಕುವವರು ಈ ಪಟ್ಟಿ ಬಿಟ್ಟುಬಿಡಿ.

ಟ್ರ್ಯಾಕ್ಟರ್, ಜೆಸಿಬಿ?

ಟ್ರ್ಯಾಕ್ಟರಿನಲ್ಲಿ ಎರಡು ಆರ್‌ಸಿ ಕೇಳಿ, ಇಂಜಿನ್ನಿಗೆ ಒಂದು, ಟ್ರೇಲರಿಗೆ ಒಂದು. ಟ್ರೇಲರಿನದು ಎಷ್ಟೋ ಸಲ ಇರುವುದೇ ಇಲ್ಲ. ಬಯಲುಸೀಮೆ ಕಡೆಯಿಂದ ಬಂದ ದೊಡ್ಡ ಟ್ರ್ಯಾಕ್ಟರ್ ಅಗ್ಗವಾಗಿ ಕಂಡರೂ ಕಾಫಿ ಗಿಡದ ಸಾಲಿನ ನಡುವೆ ಹೋಗುವುದಿಲ್ಲ. ಅಗಲ ಅಳೆದುಕೊಂಡು ಹೋಗಿ. ಗದ್ದೆ ಉಳುಮೆಗೆ ಅಂತಾದರೆ ಸರಿ. ಜೆಸಿಬಿಯಲ್ಲಿ ಕಿಲೋಮೀಟರ್ ಅಲ್ಲ, ಎಷ್ಟು ಗಂಟೆ ಕೆಲಸ ಮಾಡಿದೆ ಅಂತ ತೋರಿಸುವ ಅವರ್ ಮೀಟರ್ ಮತ್ತು ಬಕೆಟ್ಟಿನ ಪಿನ್ನುಗಳ ಸವೆತ ನೋಡಬೇಕು. ಸ್ವಂತ ತೋಟಕ್ಕೆ ಜೆಸಿಬಿ ಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ. ಬಾಡಿಗೆಗೆ ಕರೆಸಿದರೆ ಸಾಕು.

ಬೈಕ್?

ಫೈನಾನ್ಸ್‌ನವರ ಬೈಕುಗಳು ಹೆಚ್ಚಾಗಿ ಹತ್ತಿಪ್ಪತ್ತರ ಗುಂಪಾಗಿ ಮಾರಾಟವಾಗುತ್ತವೆ, ಡೀಲರುಗಳಿಗೆ. ಒಂದೇ ಬೈಕ್ ಬೇಕಾದವರು ಅವರ ಹತ್ತಿರವೇ ಕೊಳ್ಳುವುದು ಸುಲಭ.

ಕೇರಳದ ಗಾಡಿ, ದೆಹಲಿಯ ಗಾಡಿ ಅಗ್ಗ ಅಂತಾರೆ.

ಅಗ್ಗವೇ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ತಡೆ ಬಿದ್ದ ಮೇಲೆ ಅಲ್ಲಿನ ದೊಡ್ಡ ಗಾಡಿಗಳು ದಕ್ಷಿಣಕ್ಕೆ ಬಂದವು. ನಮಗೆ ಮಾಕುಟ್ಟ, ಕುಟ್ಟ ದಾಟಿದರೆ ಕೇರಳ. ಆದರೆ ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಲೇಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಗಾಡಿಯ ಬೆಲೆಗೆ ಆ ತೆರಿಗೆ ಕೂಡಿಸಿ, ಅದೇ ಮಾಡೆಲಿನ ಕೆಎ 12, ಅಂದರೆ ಕೊಡಗಿನ ನಂಬರಿನ ಗಾಡಿಯ ಬೆಲೆ ಜೊತೆ ಇಟ್ಟು ನೋಡಿ. ಎಷ್ಟೋ ಸಲ ಉಳಿಯುವುದು ಏನೂ ಇರುವುದಿಲ್ಲ. ಸಮುದ್ರದ ಹತ್ತಿರ ಓಡಿದ ಗಾಡಿ ಆದರೆ ತುಕ್ಕಿನ ಲೆಕ್ಕ ಬೇರೆ.

ಹರಾಜಿನಲ್ಲಿ ದುಡ್ಡು ಹೇಗೆ ಕಟ್ಟುವುದು?

ಮೊದಲು ಇಎಂಡಿ ಅಂತ ಠೇವಣಿ. ಸವಾಲು ನಿಮಗೆ ನಿಂತರೆ ಉಳಿದದ್ದನ್ನು ಕೆಲವೇ ದಿನದಲ್ಲಿ ಕಟ್ಟಬೇಕು, ತಪ್ಪಿದರೆ ಠೇವಣಿ ಹೋಗುತ್ತದೆ. ಸಾಲ ಮಾಡುವುದಿದ್ದರೆ ಮೊದಲೇ ಮಾತಾಡಿಕೊಂಡಿರಿ. ಕೂಗಿದ ಬೆಲೆಯ ಮೇಲೆ ಹರಾಜು ನಡೆಸುವವರ ಶುಲ್ಕ, ಜಿಎಸ್‌ಟಿ, ಯಾರ್ಡಿನ ಬಾಡಿಗೆ ಬರಬಹುದು. ನಾನು ಮನೆಯಿಂದ ಹೊರಡುವಾಗಲೇ ಒಂದು ಚೀಟಿಯಲ್ಲಿ ಕಡೇ ಬೆಲೆ ಬರೆದುಕೊಳ್ಳುತ್ತೇನೆ. ಅದರ ಮೇಲೆ ಒಂದು ಸಾವಿರವನ್ನೂ ಕೂಗುವುದಿಲ್ಲ.

ಎಲ್ಲ ಹರಾಜಿನಲ್ಲೂ ಗಾಡಿ ಇದ್ದಲ್ಲೇ, ಇದ್ದ ಹಾಗೇ ಮಾರಾಟ. ಆಮೇಲೆ ದೂರಲು ಜಾಗ ಇಲ್ಲ. ಹಾಗಾಗಿ ನೋಡಲು ಕೊಟ್ಟ ದಿನ ಖುದ್ದಾಗಿ ಹೋಗಿ, ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಅವರ ಒಂದು ದಿನದ ಕೂಲಿ ಉಳಿಸಲು ಹೋಗಬೇಡಿ. ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್ ಯಾವಾಗ ಮುಗಿದಿದೆ ಅಂತ ಕಾಣುತ್ತದೆ. ಚಲನ್ ಬಾಕಿಯನ್ನೂ ನೋಡಿಕೊಳ್ಳಿ.

ನಮ್ಮ ಗಾಡಿಯನ್ನೇ ಹರಾಜಿಗೆ ಇಡಬಹುದಾ?

ಇಡಬಹುದು. ಖಾಸಗಿ ಯಾರ್ಡ್‌ಗಳು ತೆಗೆದುಕೊಳ್ಳುತ್ತವೆ. ಕನಿಷ್ಠ ಬೆಲೆ ಮೊದಲೇ ನಿಗದಿ ಮಾಡಿ. ಮಾರಿದ ಮೇಲೆ ಹೆಸರು ಬದಲಾಗುವ ತನಕ ಬೆನ್ನು ಬಿಡಬೇಡಿ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದು ಆ ಗಾಡಿ ಯಾರಿಗೋ ಗುದ್ದಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ.

ಯಾವ ತಿಂಗಳು ಕೊಳ್ಳುವುದು ಒಳ್ಳೆಯದು?

ನನ್ನ ಅನುಭವದಲ್ಲಿ ಮಳೆಗಾಲ. ಜನವರಿಯಿಂದ ಮಾರ್ಚ್ ತನಕ ಕಾಫಿ ದುಡ್ಡು ಕೈಯಲ್ಲಿ ಓಡಾಡುತ್ತದೆ, ಪಿಕಪ್ಪಿಗೆ ಪೈಪೋಟಿ ಜಾಸ್ತಿ. ಜುಲೈನಲ್ಲಿ ಯಾರೂ ಗಾಡಿ ನೋಡಲು ಹೊರಡುವುದಿಲ್ಲ. ಮಳೆಯಲ್ಲಿ ನೋಡಿದರೆ ಎಲ್ಲಿ ಸೋರುತ್ತದೆ ಅಂತಲೂ ಗೊತ್ತಾಗುತ್ತದೆ.

ಸವಾಲು ಗೆದ್ದೆ. ಮೈಸೂರಿನಿಂದ ಓಡಿಸಿಕೊಂಡೇ ಬರಲಾ?

ಇನ್ಶೂರೆನ್ಸ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಬೇಡವೇ ಬೇಡ. ಇದ್ದರೂ 14 ದಿನದೊಳಗೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಎಫ್‌ಸಿ ಮುಗಿದ ಗಾಡಿಯನ್ನು ಬೇರೆ ಗಾಡಿಯ ಮೇಲೆ ಹಾಕಿಸಿಕೊಂಡು ತನ್ನಿ. ಎಲ್ಲ ಸರಿ ಇದ್ದು ಓಡಿಸಿಕೊಂಡು ಬರುವುದಾದರೆ ಯಾರ್ಡಿನಲ್ಲೇ ಟೈರಿಗೆ ಗಾಳಿ, ಬ್ರೇಕ್ ಎಣ್ಣೆ, ರೇಡಿಯೇಟರ್ ನೀರು ನೋಡಿಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ ದಾಟುವ ತನಕ ರಸ್ತೆ ಹೆಚ್ಚು ಕಮ್ಮಿ ಸಮ. ಕುಶಾಲನಗರದಲ್ಲಿ ನಿಲ್ಲಿಸಿ. ಒಂದು ಟೀ ಕುಡಿದು, ಚಕ್ರಗಳನ್ನು ಮುಟ್ಟಿ ನೋಡಿ. ಒಂದು ಚಕ್ರ ಮಾತ್ರ ಸುಡುವಷ್ಟು ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಂತ ಅರ್ಥ. ಅಲ್ಲೇ ಗ್ಯಾರೇಜಿಗೆ ಬಿಡಿ, ಸುಂಟಿಕೊಪ್ಪದ ಏರಿಗೆ ಅವತ್ತು ಹೊರಡಬೇಡಿ.